ಒಗೆಯದ ಸ್ವೆಟರ್

ಗೌರಿ ಹಸು ಜಾಡಿಸಿ ಒದ್ದ ಏಟಿಗೆ ಬಕೆಟ್ಟು ಕೊಟ್ಟಿಗೆಯ ಬಾಗಿಲವರೆಗೂ ಉರುಳಿತು. ಹಿಡಿಯಲು ಓಡಿದ ತನುಜಳ ಕಾಲಿಗೆ ತಾನು ಉಟ್ಟಿದ್ದ ಅತ್ತೆಯ ಸೀರೆ ತೊಡರಿತು. ಅತ್ತೆ ಅಶ್ವತ್ಥಮ್ಮ ಕೈ ಮುರಿದುಕೊಂಡು ಚಿಕ್ಕಬಳ್ಳಾಪುರದ ಆಸ್ಪತ್ರೆ ಸೇರಿದಾಗಿನಿಂದ ಗೌರಿ ಯಾರಿಗೂ ತೊಟ್ಟು ಹಾಲು ಬಿಟ್ಟಿರಲಿಲ್ಲ. ಕೆಚ್ಚಲು ಕಲ್ಲಾಗಿತ್ತು. ಹೀಗೇ ಬಿಟ್ಟರೆ ಬಾವು ಬಂದು ಹಸು ಕೈತಪ್ಪಿ ಹೋಗುವುದೇ.

“ಅವಳ ಸೀರೆ ಉಟ್ಕೊಂಡ್ರೆ ಹಸು ಏಮಾರ್ತದಾ? ಬಿಡಮ್ಮ,” ಎಂದರು ಮಾವ ಕೋನಪ್ಪ.

ಅತ್ತೆಯ ವಾಸನೆಗಾದರೂ ಗೌರಿ ಒಲಿಯಲೆಂದು ಉಟ್ಟ ಸೀರೆ ಅದು. ತನುಜ ಸೆರಗನ್ನು ಮೂಗಿಗೆ ಹಿಡಿದಳು. ಘಮ್ಮೆನ್ನುವ ಸೋಪಿನ ಪುಡಿ! ಮದುವೆಯಾಗಿ ಬಂದಾಗಿನಿಂದ ಮನೆಯ ಬಟ್ಟೆಗಳನ್ನೆಲ್ಲ ಹುಡುಕಿ ಹುಡುಕಿ ಒಗೆದವಳು ಅವಳೇ. ಚಿಂತಾಮಣಿಯ ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಪಾಠ ಓದಿದವಳಿಗೆ ಇಷ್ಟೂ ಹೊಳೆಯಬಾರದೇ?

“ಮಾವ, ಬರೀ ಬೆವರಿಗೆ ವಾಸನೇನೇ ಇರಲ್ಲ. ನಮ್ಮ ಚರ್ಮದ ಮೇಲೆ ಬ್ಯಾಕ್ಟೀರಿಯಾ ಸಂಸಾರ ಹೂಡಿರ್ತಾವೆ, ಬೆವರಿಗೆ ವಾಸನೆ ಬರಿಸೋದು ಅವೇ. ಒಬ್ಬೊಬ್ಬರ ಮೈಮೇಲೂ ಬೇರೆ ಬೇರೆ. ಅತ್ತೇದನ್ನೆಲ್ಲ ನಾನೇ ತೊಳೆದು ಮೋರಿಗೆ ಬಿಟ್ಬಿಟ್ಟೆ!”

“ಮೈಮೇಲೆ ಹುಳಾನಾ? ನಿಮ್ಮತ್ತೆ ಮುಂದೆ ಹೇಳ್ಬೇಡಮ್ಮ.”

ಅಷ್ಟರಲ್ಲಿ ತನುಜ ಆಸ್ಪತ್ರೆಯಲ್ಲಿದ್ದ ಅತ್ತೆಗೆ ಫೋನ್ ಹಚ್ಚಿಯಾಗಿತ್ತು. “ಅತ್ತೆ, ಒಗೀದೇ ಇರೋ ಬಟ್ಟೆ ನಿಮ್ಮದು ಒಂದಾದ್ರೂ ಇದೆಯಾ?”

“ನೀನು ಬಿಟ್ಟಿದ್ರೆ ತಾನೇ ಇರೋದು!” ಅಶ್ವತ್ಥಮ್ಮನ ದನಿ ಆಮೇಲೆ ತಗ್ಗಿತು. “ಹುಲ್ಲಿನ ಅಟ್ಟದ ಮೇಲೆ ನನ್ನ ಸ್ವೆಟರ್ ಐತೆ. ನಿನ್ ಕಣ್ಣಿಗೆ ಬೀಳ್ಬಾರ್ದು ಅಂತ ಬಚ್ಚಿಟ್ಟಿದ್ದೆ. ಥೂ, ಮುಟ್ಟಬೇಡ ಕಣೇ, ನಾಚಿಕೆಗೇಡು!”

ಮುಟ್ಟುವುದೇನು, ತನುಜ ಅದನ್ನು ತೊಟ್ಟೇಬಿಟ್ಟಳು. ಗೌರಿ ಮೂಗರಳಿಸಿತು. ಕತ್ತು ಚಾಚಿ ತೋಳನ್ನು ಮೂಸಿತು, ಭುಜದಿಂದ ಮಣಿಕಟ್ಟಿನವರೆಗೂ ನೆಕ್ಕಿತು. ತನುಜ ಮೆಲ್ಲಗೆ ಕೆಚ್ಚಲಿಗೆ ಕೈಹಾಕಿದಳು. ಮೊದಲ ಧಾರೆ ಚೊರ್ರೆಂದು ಬಕೆಟ್ಟಿನ ತಳಕ್ಕೆ ಬಡಿಯಿತು. ನೋಡನೋಡುತ್ತ ನೊರೆ ಏರಿತು. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

“ಬಿಟ್ಳು ಕಣೇ! ಗೌರಿ ಹಾಲು ಬಿಟ್ಳು!” ಕೋನಪ್ಪ ಫೋನಿಗೆ ಬಾಯಿಟ್ಟು ಊರಿಗೆಲ್ಲ ಕೇಳುವಂತೆ ಕೂಗಿದರು.

ಫೋನಿನಲ್ಲಿ ಅಶ್ವತ್ಥಮ್ಮ ಮೂಗೊರೆಸಿಕೊಂಡದ್ದು ಕೇಳಿಸಿತು. “ಸದ್ಯ, ನನ್ ತಾಯಿ! ಇನ್ನಾದ್ರೂ ಆ ಸ್ವೆಟರ್ ಒಗೆದಾಕ್ಬಿಡೇ ತನುಜ, ಮಾನ ಹೋಗ್ತದೆ.”

ತನುಜ ಒಂದು ಕೈಯಲ್ಲಿ ಹಾಲು ಕರೆಯುತ್ತಲೇ ಇನ್ನೊಂದು ಕೈಯಲ್ಲಿ ಸ್ವೆಟರಿನ ಗುಂಡಿಯನ್ನು ಕುತ್ತಿಗೆವರೆಗೂ ಹಾಕಿಕೊಂಡಳು.

“ನೀವು ಮನೆಗೆ ಬರೋವರೆಗೂ ನಾನಿದನ್ನ ಬಿಚ್ಚೋದೇ ಇಲ್ಲ, ಅತ್ತೆ.”