ಎಲುಬಿನ ಸಾಕ್ಷಿ

"ಯಾರೋ ಹೊಡೆದು ಮುರಿದ ಎಲುಬಲ್ಲ ಇದು," ಎಂದು ಡಾಕ್ಟರ್ ಪರಮೇಶ್ವರ ಮಂಗಳೂರಿನಿಂದ ಬಂದ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ದರ್ಬೆಯ ಆ ಸಣ್ಣ ಕ್ಲಿನಿಕ್ಕಿನಲ್ಲಿ ಮೂವರೂ ಒಮ್ಮೆಲೇ ತಲೆ ಎತ್ತಿದರು: ಎಡಗೈಗೆ ಬಿದಿರಿನ ದಬ್ಬೆ ಕಟ್ಟಿಸಿಕೊಂಡಿದ್ದ ದಮಯಂತಿ, ಅವಳನ್ನು ಮಂಡೆಕೋಲಿನಿಂದ ಕರೆತಂದ ಅಣ್ಣ ತೀರ್ಥರಾಮ, ಅರಂತೋಡಿನಿಂದ ಬೇರೆ ಬಸ್ಸಿನಲ್ಲಿ ಬಂದು ಬಾಗಿಲ ಹತ್ತಿರ ನಿಂತಿದ್ದ ಗಂಡ ದೇರಣ್ಣ.

ಭಾವ ಹೊಡೆದೇ ಮುರಿದದ್ದೆಂದು ತೀರ್ಥರಾಮ ಊರಿಗೆಲ್ಲ ಹೇಳಿ ಆಗಿತ್ತು. ಮೊದಲು ಕಾಲು, ಆಮೇಲೆ ಪಕ್ಕೆಲುಬು, ಈಗ ಕೈ. ಇನ್ನು ತಂಗಿಯನ್ನು ಆ ಮನೆಗೆ ಕಳಿಸುವುದಿಲ್ಲವೆಂದು ದೇವರ ದೀಪದೆದುರು ನಿಂತು ಹೇಳಿದ್ದ. ಆ ಒಂದು ಮಾತಿನ ಬಲದಲ್ಲಿ ದಮಯಂತಿ ಅರವತ್ತಾರರ ದೀಪಾವಳಿಯಿಂದ ಈಚೆಗೆ ತವರಿನಲ್ಲಿ ಹೆದರಿಕೆಯಿಲ್ಲದೆ ನಿದ್ದೆ ಮಾಡಿದ್ದಳು.

"ಹಾಗಾದ್ರೆ ಎಂತ ಡಾಕ್ಟ್ರೆ?" ತೀರ್ಥರಾಮ ಕೇಳಿದ.

"ಕುತ್ತಿಗೆಯಲ್ಲಿ ತೊಗರಿಬೇಳೆಯಷ್ಟು ಸಣ್ಣ ಗ್ರಂಥಿಗಳುಂಟು, ಪ್ಯಾರಾಥೈರಾಯ್ಡ್ ಅಂತ. ಇವರದ್ದು ಒಂದು ಮಿತಿಮೀರಿ ರಸ ಬಿಡ್ತಾ ಉಂಟು. ಆ ರಸ ಎಲುಬಿನ ಸುಣ್ಣವನ್ನು ಕರಗಿಸಿ ರಕ್ತಕ್ಕೆ ತರುದು. ಮತ್ತೆ ಮುರಿಲಿಕ್ಕೆ ದೊಡ್ಡ ಪೆಟ್ಟೇ ಬೇಕಂತ ಇಲ್ಲ. ನೀರಿನ ಕೊಡಪಾನ ಎತ್ತಿದ್ರೂ ಸಾಕು."

"ಆ ರಸ ಎಷ್ಟುಂಟು ಅಂತ ಅಳೆದು ನೋಡಿದ್ರಾ?" ತೀರ್ಥರಾಮ ಬಿಡಲಿಲ್ಲ.

"ಅದನ್ನು ಅಳೆಯುದು ಅಮೆರಿಕದಲ್ಲಿ ಈಗಷ್ಟೇ ಶುರುವಾದದ್ದು ಮಾರಾಯ್ರೆ, ನಮ್ಮಲ್ಲಿಗೆ ಬಂದಿಲ್ಲ. ಆದ್ರೆ ಅದು ಮಾಡಿದ ಹಾಳನ್ನು ಅಳೆಯಬಹುದು. ರಕ್ತವನ್ನು ಮಂಗಳೂರಿಗೆ ಕಳಿಸಿ ಪುನಃ ಪುನಃ ನೋಡಿಸಿದೆ. ಪ್ರತಿ ಸಲವೂ ಸುಣ್ಣ ಹೆಚ್ಚೇ ಉಂಟು. ಸಂಶಯವೇ ಬೇಡ."

ಪುಸ್ತಕದಲ್ಲಿ ಮಾತ್ರ ಓದಿದ್ದ ಕಾಯಿಲೆ ಕಣ್ಣೆದುರು ಬಂದು ಕೂತ ಖುಷಿಯಲ್ಲಿದ್ದರು ಡಾಕ್ಟರು. ಕೈ ಮುರಿದದ್ದು ಹೇಗೆಂದು ದಮಯಂತಿಯನ್ನು ಅವರೂ ಕೇಳಲಿಲ್ಲ. ಅವಳ ಪರವಾಗಿ ಮೊದಲ ದಿನವೇ ಅಣ್ಣ ಎಲ್ಲ ಹೇಳಿ ಮುಗಿಸಿದ್ದ.

ತೀರ್ಥರಾಮ ಒಳ್ಳೆಯ ಮನುಷ್ಯ. ಆದದ್ದೆಲ್ಲ ಅದರಿಂದಲೇ. ತನ್ನದು ತಪ್ಪೆಂದು ಗೊತ್ತಾದ ಮೇಲೆ ಬಾಯಿ ಮುಚ್ಚಿ ಕೂರುವುದು ಅವನಿಂದಾಗದು. ಎದ್ದು ಹೋಗಿ ದೇರಣ್ಣನ ಎರಡೂ ಕೈ ಹಿಡಿದುಕೊಂಡ. "ತಪ್ಪಾತ್ ಭಾವ," ಎಂದ. ಕಾಯಿಲೆ ಗುಣವಾದ ಕೂಡಲೇ ತಾನೇ ಅವಳನ್ನು ಅರಂತೋಡಿಗೆ ತಂದು ಬಿಡುವೆನೆಂದ.

ದೇರಣ್ಣ ದೊಡ್ಡ ಮನಸ್ಸು ಮಾಡಿದವನಂತೆ ತಲೆಯಾಡಿಸಿದ. ಆಮೇಲೆ ಡಾಕ್ಟರ ಕಡೆ ತಿರುಗಿದ.

"ನಾನು ಸಿಟ್ಟಿನಲ್ಲಿ ಒಂದೆರಡು ಕೊಟ್ಟದ್ದು ಹೌದು ಡಾಕ್ಟ್ರೆ. ಅದು ಎಲ್ಲರ ಮನೆಯಲ್ಲೂ ಇರುದೇ. ಗಟ್ಟಿ ಹೆಂಗಸಾಗಿದ್ರೆ ಮುರಿತಿತ್ತಾ?"

"ಮುರಿತಿರಲಿಲ್ಲ," ಎಂದರು ಡಾಕ್ಟರು. ಅವರಿಗೆ ಅದು ಎಲುಬಿನ ಪ್ರಶ್ನೆ, ಅಷ್ಟೆ.

ದಮಯಂತಿ ಅಣ್ಣನ ಮುಖ ನೋಡಿದಳು. ಅವನು ಭಾವನ ಕೈಗಳನ್ನು ಇನ್ನೂ ಬಿಟ್ಟಿರಲಿಲ್ಲ. ಭಾವ ಒಪ್ಪಿಕೊಂಡದ್ದು ಕಿವಿಗೆ ಬಿದ್ದಿತ್ತು, ಆದರೆ ಈಗಷ್ಟೇ ಕ್ಷಮೆ ಕೇಳಿ ಆಗಿತ್ತು. ನೆಲ ನೋಡಿದ.

"ಹೆದರಬೇಡಿಯಮ್ಮ," ಡಾಕ್ಟರು ಅವಳತ್ತ ಬಾಗಿದರು. "ವೆಲ್ಲೂರಿನ ದೊಡ್ಡ ಆಸ್ಪತ್ರೆಗೆ ಬರೆದುಕೊಡ್ತೇನೆ. ಆ ಗ್ರಂಥಿ ತೆಗೆದ್ರೆ ಎಲುಬು ಪುನಃ ಗಟ್ಟಿಯಾಗ್ತದೆ, ಎಲ್ಲರದ್ದರ ಹಾಗೆ."

"ಮತ್ತೆ ಮುರಿಯುದಿಲ್ವಾ?" ಬೆಳಗಿನಿಂದ ಅವಳು ಆಡಿದ ಮೊದಲ ಮಾತು ಅದು.

"ಇಲ್ಲ. ಸಣ್ಣಪುಟ್ಟ ಪೆಟ್ಟಿಗೆಲ್ಲ ಖಂಡಿತ ಮುರಿಯುದಿಲ್ಲ."

ದಮಯಂತಿ ದಬ್ಬೆ ಕಟ್ಟಿದ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ಮಡಿಲಲ್ಲಿಟ್ಟುಕೊಂಡಳು.

"ಹಾಗಾದ್ರೆ ಇನ್ನು ಯಾರಿಗೂ ಗೊತ್ತಾಗುದಿಲ್ಲ," ಎಂದಳು.