ಮೊದಲ ನಗುವಿಗೆ ದಾರಿ

ಓಣಿಗೆ ನಿಮಿಷಕ್ಕೆ ಇಷ್ಟೇ ನಗು ಎಂಬ ಮಿತಿ ಇತ್ತು. ಹೆಚ್ಚಾದದ್ದು, ತಡೆದುಕೊಂಡದ್ದು ಎಲ್ಲ ಸರದಿ ಹಿಡಿದು, ಗಂಟೆಗಟ್ಟಲೆ ತಡವಾಗಿ ಬಾಯಿಗೆ ಬರುತ್ತಿತ್ತು.

ಗುರವ್ವನ ಮೊಮ್ಮಗಳು ಇನ್ನೂ ಒಮ್ಮೆಯೂ ನಕ್ಕಿರಲಿಲ್ಲ. ಕೂಸಿನ ಅಪ್ಪ ಮಲ್ಲೇಶಿಯ ಲಾರಿ ಅಸ್ಸಾಮಿಗೆ ಹೊರಟು ನಿಂತಿತ್ತು. ಅವನು ತಲೆಗೆ ಬುಟ್ಟಿ ಹಾಕಿಕೊಂಡು ಕುಣಿಯುತ್ತಿದ್ದಂತೆ ಕೂಸಿನ ತುಟಿ ಅರಳತೊಡಗಿತು. ಗುರವ್ವ ಕಟ್ಟೆಗೆ ಓಡಿದಳು.

"ಯಾರೂ ನಗಬ್ಯಾಡ್ರೀ! ನಮ್ಮ ಕೂಸಿಗೆ ದಾರಿ ಬಿಡ್ರಿ!"

ಕಿಟಕಿಯಲ್ಲಿ ಇಣುಕಿದ ಹೆಂಗಸರೆಲ್ಲ ಸೆರಗು ಕಚ್ಚಿದರು, ಗುರವ್ವನೂ. ಅಪ್ಪನ ಕಣ್ಣೆದುರೇ ಕೂಸು ಕಿಲಕಿಲ ನಕ್ಕಿತು.

ಗುರವ್ವನ ಸರದಿ ಬಂದದ್ದು ಸಂಜೆ, ಮಠದಲ್ಲಿ ಎಲ್ಲರೂ ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತಾಗ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಸ್ವಾಮಿಗಳು ಒಂದೇ ಕಣ್ಣು ತೆರೆದು ಕೇಳಿದರು:

"ಕೂಸು ನಕ್ಕಿತೇನವ್ವಾ?"