ಎರಡು ಬಿಳಿ ಎಳೆಗಳು

"ನೀವೇ ಮಾಡ್ತೀರಾ ಸರ್? ಸ್ವಂತ ಅಳಿಯ..." ಸಹಾಯಕ ವೈದ್ಯೆಯ ದನಿ ಮುಖಗವುಸಿನೊಳಗೇ ತಗ್ಗಿತು.

"ಬೇರೆಯವರ ಕೈಗೆ ಬಿಡೋ ಕೇಸಲ್ಲ ಇದು," ಎಂದರು ದೊಡ್ಡ ಡಾಕ್ಟರು.

ಅಳಿಯ ಅರಿವಳಿಕೆಯಲ್ಲಿ ಮಲಗಿದ್ದ. ಗಡಿಯಾರ ರಿಪೇರಿಯವನು, ಕಣ್ಣಿಗೆ ಕಾಣದ ಸ್ಕ್ರೂಗಳನ್ನು ಬೆರಳ ತುದಿಯಲ್ಲೇ ಗುರುತಿಸುವವನು. ಬಾಗಿಲ ಗಾಜು ಒಡೆದು ಬಲ ಮಣಿಕಟ್ಟು ಸೀಳಿತ್ತು. ಹೇಗೆ ಒಡೆಯಿತೆಂದು ಮಗಳು ಬಾಯಿ ಬಿಟ್ಟಿರಲಿಲ್ಲ. ಡಾಕ್ಟರೂ ಕೇಳಿರಲಿಲ್ಲ. ಹಿಂದಿನ ವಾರವಷ್ಟೇ ಅವಳ ತೋಳಿನ ಮೇಲೆ ಬೆರಳುಗಳ ನೀಲಿ ಗುರುತು ನೋಡಿದ್ದರು. "ಬಿದ್ದೆ ಅಪ್ಪ," ಎಂದಿದ್ದಳು. ಬಿದ್ದವರ ತೋಳಲ್ಲಿ ಬೆರಳು ಮೂಡುವುದಿಲ್ಲ.

ಗಾಯ ಬಿಡಿಸಿದಾಗ ತುಂಡಾದ ಎರಡು ಎಳೆಗಳು ಅಕ್ಕಪಕ್ಕ ಕಂಡವು. ಒಂದು ಬೆರಳನ್ನು ಮಡಿಸುವ ಟೆಂಡನ್, ಇನ್ನೊಂದು ಬೆರಳಿಗೆ ಸ್ಪರ್ಶ ಕೊಡುವ ನರ. ಎರಡೂ ಬಿಳಿ, ಎರಡೂ ರಕ್ತದಲ್ಲಿ ನೆನೆದಿದ್ದವು.

"ಧ್ರುವೀಕೃತ ಬೆಳಕಿನ ದೀಪ ಕೊಡಿ."

ಕಣ್ಣಂದಾಜಿನಲ್ಲೇ ಹೊಲಿದು ಮುಗಿಸುವವರಿದ್ದಾರೆ. ಇವರು ದೀಪದ ಫಿಲ್ಟರನ್ನು ಕೂದಲೆಳೆಯಷ್ಟೇ ತಿರುಗಿಸುತ್ತ ಹೋದರು. ಒಂದು ಎಳೆ ಬರಿದೇ ಮಿನುಗಿತು. ಇನ್ನೊಂದರ ಮೇಲೆ, ಆ ಬೆಳಕಿನಲ್ಲಿ ನರದ ಮೇಲಷ್ಟೇ ಕಾಣುವ ಸಣ್ಣ ಅಡ್ಡಪಟ್ಟೆಗಳು ಮೂಡಿದವು. ಅದೇ ನರ.

"ಇಷ್ಟು ನಿಗಾ ನಾನು ಯಾರಲ್ಲೂ ನೋಡಿಲ್ಲ ಸರ್."

"ತಪ್ಪಬಾರದಲ್ಲಮ್ಮ. ನೀನು ಹೋಗಿ ಟೀ ಕುಡಿ. ಮಿಕ್ಕಿದ್ದು ನಾನು ಮುಗಿಸ್ತೀನಿ."

ಅವಳು ಹೋದಳು. ನರ್ಸ್ ಕೇಳಿದ್ದನ್ನೆಲ್ಲ ಕೈಗಿಡುತ್ತ ನಿಂತಳು.

ಹೊರಗೆ ಬೆಂಚಿನಿಂದ ಮಗಳು ಎದ್ದು ಬಂದಳು.

"ಅವರ ಕೈ, ಅಪ್ಪಾ?"

"ಮಾಡಬೇಕಾದ್ದು ಮಾಡಿದ್ದೀನಿ. ಇನ್ನು ನೀನು ಹೆದರಬೇಡ."

ಅವಳು ಅವರ ಎದೆಗೊರಗಿ ಅತ್ತಳು. "ನಿಮ್ಮಿಂದ ಮುಚ್ಚಿಟ್ಟೆ ಅಪ್ಪ. ನಂಗೆ ಫಿಟ್ಸ್ ಬರುತ್ತೆ. ನೀವು ನೊಂದ್ಕೋತೀರಿ, ನಿಮಗೆ ಹೇಳ್ಬೇಡಿ ಅಂತ ಅವರಿಗೂ ಹೇಳಿದ್ದೆ. ಬೀಳೋವಾಗೆಲ್ಲ ಅವರೇ ತೋಳು ಹಿಡಿದು ಎಳ್ಕೊಳ್ಳೋರು. ಇವತ್ತು ಆ ಗಾಜಿನ ಮೇಲೇ ಬಿದ್ದೆ. ನನ್ನ ಕುತ್ತಿಗೆಗೆ ಅಡ್ಡವಾಗಿ ಕೈ ಕೊಟ್ಟುಬಿಟ್ಟರು."

ಅವಳ ತಲೆ ಸವರುತ್ತಿದ್ದ ಡಾಕ್ಟರ ಕೈ ನಿಂತಿತು.

ಬಾಗಿಲು ತೆರೆದು ನರ್ಸ್ ಇಣುಕಿದಳು. "ಸರ್, ನೀವು ಕತ್ತರಿಸಿ ತೆಗೆದ್ರಲ್ಲ, ಆ ಟೆಂಡನ್ ತುಂಡು, ಎಸೆದುಬಿಟ್ಟೆ. ಬೇಕಿರಲಿಲ್ಲ ತಾನೆ?"

ಅದು ಟೆಂಡನ್ ಅಲ್ಲ, ಸ್ಪರ್ಶ ಕೊಡುವ ನರವೇ ಎಂದು ದೀಪ ಹಿಡಿದು ಖಚಿತಪಡಿಸಿಕೊಂಡೇ ಅವರು ಕತ್ತರಿಸಿದ್ದರು.